ಮಾಸಲು ಬಣ್ಣ ಇದ್ದ ಮಾತ್ರಕ್ಕೆ ಹೆಣ್ಣಲ್ಲ: ಒಂದೇ ಥರ ಕಾಣೋ ಹಕ್ಕಿಗಳನ್ನ ಪುಕ್ಕ ನೋಡಿ ಗುರುತಿಸೋದು

ಹಕ್ಕಿ ನೋಡೋಕೆ ಶುರು ಮಾಡಿದ ಹೊಸದರಲ್ಲಿ ನಾನು ಹೊಳೆಯೋದೆಲ್ಲ ಗಂಡು, ಮಾಸಲಾಗಿರೋದೆಲ್ಲ ಹೆಣ್ಣು ಅಂತ ಬರ್ಕೊಂಡು ಹೋಗ್ತಿದ್ದೆ. ಹೊಳೆಯೋದರ ಲೆಕ್ಕ ಬಹುತೇಕ ಸರಿ ಹೋಗತ್ತೆ, ಎಡವಟ್ಟಾಗೋದು ಮಾಸಲು ಹಕ್ಕಿ ಹತ್ರ, ಯಾಕಂದ್ರೆ ಅದು ಹೆಣ್ಣೂ ಇರಬಹುದು, ಗೂಡು ಬಿಟ್ಟು ಈಗಷ್ಟೇ ಹೊರಗೆ ಬಂದ ಮರಿನೂ ಇರಬಹುದು, ಇಲ್ಲಾಂದ್ರೆ ಮರಿ ಮಾಡೋ ಕಾಲ ಮುಗಿದು ಬಣ್ಣದ ಪುಕ್ಕ ಉದುರಿಸಿಕೊಂಡಿರೋ ದೊಡ್ಡ ಗಂಡೇ ಇರಬಹುದು. ಈ ಮೂರರಲ್ಲಿ ಯಾವುದು ಅಂತ ಕೇಳ್ಕೊಳ್ಳದೆ ಹೆಣ್ಣು ಅಂತ ಬರೀಬೇಡಿ.

ಅದಕ್ಕೂ ಮುಂಚೆ ಜಾತಿ ಯಾವುದು ಅಂತ ಗಟ್ಟಿ ಮಾಡ್ಕೊಳ್ಳಿ. ಅದಕ್ಕೆ ಬಣ್ಣ ಬೇಡ, ಕೊಕ್ಕಿನ ಉದ್ದ, ಅದರ ಬಾಗು, ಬಾಲ, ಮೈಗಾತ್ರ ನೋಡಿ, ಇವು ಕಾಲಕ್ಕೆ ತಕ್ಕ ಹಾಗೆ ಅಷ್ಟೊಂದು ಬದಲಾಗಲ್ಲ.

ಸೂರಕ್ಕಿಗಳನ್ನೇ ತಗೊಳ್ಳಿ, ಕಲಿಯೋಕೆ ಇದಕ್ಕಿಂತ ಒಳ್ಳೆ ಹಕ್ಕಿ ಇಲ್ಲ ಅಂತ ನನಗನ್ಸತ್ತೆ. ಪರ್ಪಲ್ ಸನ್‌ಬರ್ಡ್, ಪರ್ಪಲ್ ರಂಪ್ಡ್ ಸನ್‌ಬರ್ಡ್, ಲೋಟೆನ್ಸ್ ಸನ್‌ಬರ್ಡ್ ಮೂರರ ಹೆಣ್ಣುಗಳೂ ದೂರದಿಂದ ಒಂದೇ, ಬೆನ್ನು ಕಂದು, ಹೊಟ್ಟೆ ಹಳದಿ. ಕೊಕ್ಕು ಎದ್ದು ಕಾಣೋಷ್ಟು ಉದ್ದ ಇದ್ದು ಚೆನ್ನಾಗಿ ಬಾಗಿದ್ರೆ ಲೋಟೆನ್ಸ್. ಉಳಿದೆರಡರಲ್ಲಿ ಗಂಟಲು ನೋಡಿ, ಗಂಟಲು ಬೂದು ಬಿಳಿ ಇದ್ದು ಎದೆಯಿಂದ ಕೆಳಗೆ ಹಳದಿ ಶುರುವಾದ್ರೆ ಅದು ಪರ್ಪಲ್ ರಂಪ್ಡ್, ಗಂಟಲಿಂದಲೇ ಹಳದಿ ಇಳ್ಕೊಂಡು ಬಂದಿದ್ರೆ ಪರ್ಪಲ್.

ಪರ್ಪಲ್ ಅಂತ ಗೊತ್ತಾಯ್ತು, ಈಗ ಗಂಡಾ ಹೆಣ್ಣಾ? ಇದರ ಗಂಡು ಮರಿ ಮಾಡೋ ಕಾಲದಲ್ಲಿ ಕಡು ನೀಲಿ ನೇರಳೆ ಹೊಳಪಲ್ಲಿರತ್ತೆ, ಆಮೇಲೆ ಅದೆಲ್ಲ ಉದುರಿ ಹೆಚ್ಚುಕಡಿಮೆ ಹೆಣ್ಣಿನ ವೇಷಕ್ಕೆ ಬಂದ್ಬಿಡತ್ತೆ, ಇದಕ್ಕೆ ಎಕ್ಲಿಪ್ಸ್ ಪುಕ್ಕ ಅಂತಾರೆ. ಹೂವಿಗೆ ತಲೆಕೆಳಗಾಗಿ ನೇತಾಡ್ತಿರುವಾಗ ಏನೂ ಕಾಣಲ್ಲ, ಸ್ವಲ್ಪ ತಾಳಿ, ಕತ್ತೆತ್ತಿ ಆ ಕಡೆ ಈ ಕಡೆ ನೋಡತ್ತಲ್ಲ ಆಗ ಗದ್ದದ ಕೆಳಗಿಂದ ಎದೆ ನಡುವೆ ಶಾಯಿ ಸುರಿದ ಹಾಗೆ ಒಂದು ಕಪ್ಪು ಗೆರೆ ಇಳಿದಿರತ್ತೆ. ಗೆರೆ ಇದ್ರೆ ಗಂಡು. ದೊಡ್ಡ ಗಂಡೋ ಮರಿ ಗಂಡೋ ಅಂತ ಬೇಕಿದ್ರೆ ರೆಕ್ಕೆಯ ಭುಜದ ಹತ್ರ ನೋಡಿ, ಅಲ್ಲಿ ನೀಲಿ ಹೊಳಪು ಉಳಿದಿದ್ರೆ ದೊಡ್ಡದು. ಆದ್ರೆ ಬೆಳಕು ಹಕ್ಕಿ ಹಿಂದೆ ಇದ್ರೆ ಈ ಹೊಳಪನ್ನ ನಂಬಬೇಡಿ, ಅದು ಪುಕ್ಕದ ರಚನೆಯಿಂದ ಬರೋ ಬಣ್ಣ, ಬೆಳಕು ಸರಿಯಾದ ಕೋನದಲ್ಲಿ ಬೀಳದಿದ್ರೆ ಬರೀ ಕಪ್ಪು ಕಾಣತ್ತೆ.

ಗುಬ್ಬಚ್ಚಿದು ಇನ್ನೊಂದು ಥರ, ನನಗಂತೂ ಎಷ್ಟು ಸಲ ನೋಡಿದ್ರೂ ಆಶ್ಚರ್ಯ. ಗಂಡಿಗೆ ಗಂಟಲಲ್ಲಿ ಕಪ್ಪು ಮಚ್ಚೆ, ನೆತ್ತಿ ಬೂದು, ಹೆಣ್ಣಿಗೆ ಮಚ್ಚೆ ಇಲ್ಲ, ಕಣ್ಣಿನ ಹಿಂದೆ ಒಂದು ತಿಳಿ ಪಟ್ಟಿ. ಆದ್ರೆ ಹೊಸ ಪುಕ್ಕ ಬಂದಾಗ ಗಂಡಿನ ಮಚ್ಚೆ ಸರಿಯಾಗಿ ಕಾಣೋದೇ ಇಲ್ಲ, ಕಪ್ಪು ಪುಕ್ಕಗಳ ತುದಿ ತಿಳಿ ಬಣ್ಣದ್ದಾಗಿದ್ದು ಕಪ್ಪನ್ನ ಮುಚ್ಚಿರತ್ತೆ. ದಿನ ಕಳೆದ ಹಾಗೆ ಆ ತುದಿ ಸವೆದು ಸವೆದು ಒಳಗಿನ ಕಪ್ಪು ಹೊರಗೆ ಬರತ್ತೆ, ಹೊಸ ಪುಕ್ಕ ಬರೋದೇ ಬೇಡ. ಇನ್ನು ನೆತ್ತಿ ಪೂರ್ತಿ ಕಂದುಗೆಂಪು ಇದ್ದು ಬಿಳಿ ಕೆನ್ನೆ ಮೇಲೆ ಕಪ್ಪು ಚುಕ್ಕೆ ಇದ್ರೆ ಅದು ಟ್ರೀ ಸ್ಪ್ಯಾರೋ, ಅದರಲ್ಲಿ ಗಂಡು ಹೆಣ್ಣು ಎರಡೂ ಹಾಗೇ ಇರೋದು.

ಕೆಲವು ಸುಲಭ. ಕಪ್ಪು ಬಿಳಿ ಮಿಂಚುಳ್ಳಿಯಲ್ಲಿ ಎದೆಗೆ 2 ಪಟ್ಟಿ ಇದ್ರೆ ಗಂಡು, ಒಂದೇ ಇದ್ದು ಅದೂ ಮಧ್ಯೆ ತುಂಡಾಗಿದ್ರೆ ಹೆಣ್ಣು. ಮಡಿವಾಳ ಹಕ್ಕಿಯಲ್ಲಿ ಗಂಡು ಎಲ್ಲಿ ಕಪ್ಪೋ ಹೆಣ್ಣು ಅಲ್ಲಿ ಬೂದು, ನೆರಳಲ್ಲಿ ಕೂತಿದ್ರೆ ಮಾತ್ರ ಬೂದೂ ಕಪ್ಪಾಗೇ ಕಾಣತ್ತೆ, ಬಿಸಿಲಿಗೆ ಬರೋವರೆಗೂ ಕಾಯಿರಿ. ಕೋಗಿಲೆ ಹೆಣ್ಣು ಕಂದು ಮೈ ತುಂಬಾ ಬಿಳಿ ಚುಕ್ಕೆ, ತಪ್ಪೋ ಮಾತೇ ಇಲ್ಲ.

ಗಿಳಿ ಸುಲಭ ಅಂತ ಅಂದ್ಕೊಂಡ್ರೆ ಅಲ್ಲೂ ಒಂದು ತೊಡಕಿದೆ. ಕುತ್ತಿಗೆಗೆ ಗುಲಾಬಿ ಕಪ್ಪು ಉಂಗುರ ಇದ್ರೆ ಗಂಡು ಅನ್ನೋದು ನಿಜ, ಆದ್ರೆ ಅದು ಪೂರ್ತಿ ಮೂಡೋಕೆ ಸುಮಾರು 3 ವರ್ಷ ಬೇಕು, ಅಲ್ಲೀವರೆಗೆ ಗಂಡೂ ಹೆಣ್ಣಿನ ಥರಾನೇ. ಹಾಗಾಗಿ ಉಂಗುರ ಇಲ್ಲದ ಗಿಳಿ ಕಂಡ್ರೆ ನನ್ನ ಪುಸ್ತಕದಲ್ಲಿ 'ಹೆಣ್ಣು ಅಥವಾ ಎಳೆಯದು' ಅಂತ ಬರೀತೀನಿ. ಪಿಕಳಾರ, ಗೊರವಂಕಗಳಲ್ಲಂತೂ ಪುಕ್ಕ ನೋಡಿ ಗಂಡು ಹೆಣ್ಣು ಹೇಳೋಕೆ ಆಗಲ್ಲ, ಅಲ್ಲಿ ಬರೀ ಹೆಸರು, ಎಷ್ಟು ಹಕ್ಕಿ ಅಂತ ಬರೆದು ಆ ಕಾಲಂ ಖಾಲಿ ಬಿಡ್ತೀನಿ.