ಮಳೆಗಾಲದಲ್ಲಿ ಅಡಿಕೆ ತೂಕದ ಯಂತ್ರದ ಸೊನ್ನೆ ನಿಲ್ಲದಿದ್ದರೆ

ಖಾಲಿ ಪ್ಲಾಟ್‌ಫಾರ್ಮ್ ಮೇಲೆ ಬೆಳಿಗ್ಗೆ 0.7 ಕೆ.ಜಿ., ಮಧ್ಯಾಹ್ನ 0.2. ಮಳೆ ಹಿಡಿದ ಮೇಲೆ ಅಡಿಕೆ ಮಂಡಿಗಳಿಂದ ನನಗೆ ಬರುವ ದೂರು ಹೆಚ್ಚಾಗಿ ಇದೇ. ಕೂಡಲೇ ಕ್ಯಾಲಿಬ್ರೇಷನ್‌ಗೆ (ಗೊತ್ತಿರುವ ಬಟ್ಟು ಇಟ್ಟು ಯಂತ್ರದ ಅಂಕಿ ಸರಿಪಡಿಸುವುದಕ್ಕೆ) ಕೈ ಹಾಕಬೇಡಿ, ಮೊದಲು ತೇವ ಹುಡುಕಿ.

ಈ ಸಲ ಶಿವಮೊಗ್ಗದಲ್ಲಿ ಬಿಚ್ಚಿದ್ದು 500 ಕೆ.ಜಿ. ಯಂತ್ರ, ನಾಲ್ಕು ಮೂಲೆಗೆ ತಲಾ 250 ಕೆ.ಜಿ.ಯ ಲೋಡ್ ಸೆಲ್, ಅಂದರೆ ಭಾರವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಲೋಹದ ತುಂಡು. ಸೆಲ್ಲಿನ ಲೋಹಕ್ಕೆ ಅಂಟಿಸಿದ ಸ್ಟ್ರೇನ್ ಗೇಜ್‌ಗಳು ವೀಟ್‌ಸ್ಟೋನ್ ಬ್ರಿಡ್ಜ್ (ರೋಧದ ಸಣ್ಣ ಬದಲಾವಣೆಯನ್ನು ವೋಲ್ಟೇಜ್ ಆಗಿ ತೋರಿಸುವ ಜೋಡಣೆ) ಆಗಿ ಕೂತಿರುತ್ತವೆ. ಭಾರಕ್ಕೆ ಲೋಹ ಕಣ್ಣಿಗೆ ಕಾಣದಷ್ಟು ಬಾಗಿದರೂ ಗೇಜಿನ ರೋಧ ಬದಲಾಗುತ್ತದೆ. 2 ಎಂವಿ/ವಿ (ಕೊಟ್ಟ ಪ್ರತಿ ವೋಲ್ಟಿಗೆ ಪೂರ್ಣ ಭಾರದಲ್ಲಿ 2 ಮಿಲಿವೋಲ್ಟ್) ಸೆಲ್‌ಗೆ 5 ವೋಲ್ಟ್ ಕೊಟ್ಟರೆ ಪೂರ್ಣ ಭಾರಕ್ಕೆ ಸಿಗುವುದು 10 ಮಿಲಿವೋಲ್ಟ್. ಸಮಾಂತರವಾಗಿ ಜೋಡಿಸಿದ್ದರಿಂದ ನಾಲ್ಕೂ ಸೇರಿ 1000 ಕೆ.ಜಿ.ಗೂ ಅಷ್ಟೇ, ಅಂದರೆ 100 ಗ್ರಾಂಗೆ ಒಂದೇ ಮೈಕ್ರೋವೋಲ್ಟ್. ಎಲ್ಲೋ ಒಂದಿಷ್ಟು ಕರೆಂಟ್ ಸೋರಿದರೂ ಅದು ಅಡಿಕೆಯ ತೂಕವಾಗಿಯೇ ಕಾಣುತ್ತದೆ.

ನಾಲ್ಕೂ ಸೆಲ್ಲಿನ ತಂತಿ ಸೇರುವ ಜಂಕ್ಷನ್ ಬಾಕ್ಸ್ ತೆಗೆದರೆ ಬೋರ್ಡಿನ ತುಂಬ ಬೂಸ್ಟು. ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಬ್ರಷ್‌ನಿಂದ ತೊಳೆದು, ಹೇರ್ ಡ್ರೈಯರ್ ಹಿಡಿದು ಒಣಗಿಸಿದೆ. ಸೊನ್ನೆಯ ಅಲೆದಾಟ ಕಡಿಮೆಯಾಯಿತು, ನಿಲ್ಲಲಿಲ್ಲ.

ಆಮೇಲೆ ಒಂದೊಂದೇ ಸೆಲ್ ಬಿಡಿಸಿ ಅಳೆದೆ. ವೋಲ್ಟೇಜ್ ಕೊಡುವ ಕೆಂಪು–ಕಪ್ಪು ತಂತಿಗಳ ನಡುವೆ 400 ಓಮ್ ಆಸುಪಾಸು, ಸಿಗ್ನಲ್ ಬರುವ ಹಸಿರು–ಬಿಳಿ ನಡುವೆ 350. (ಬಣ್ಣಗಳು ಕಂಪನಿಯಿಂದ ಕಂಪನಿಗೆ ಬೇರೆ, ಸೆಲ್ ಜೊತೆ ಬಂದ ಚೀಟಿ ನೋಡಿಕೊಳ್ಳಿ.) ನಾಲ್ಕರಲ್ಲೂ ಸರಿಯಿತ್ತು. ಎಲ್ಲ ತಂತಿ ಒಟ್ಟಿಗೆ ಹೊಸೆದು, ಅದಕ್ಕೂ ಸೆಲ್ಲಿನ ಮೈಗೂ ನಡುವೆ ಇನ್ಸುಲೇಷನ್ ನೋಡಿದಾಗ ಕಳ್ಳ ಸಿಕ್ಕಿದ: ಮೂರು 1000 ಮೆಗಾಓಮ್ ದಾಟಿದವು, ಒಂದು 8ರಲ್ಲೇ ನಿಂತಿತು. ಇದಕ್ಕೆ ಬಳಸುವ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) 50 ವೋಲ್ಟ್‌ದೇ ಆಗಬೇಕು. ಮನೆ ವೈರಿಂಗಿಗೆ ಬಳಸುವ 500 ವೋಲ್ಟ್‌ದು ಸೆಲ್ಲನ್ನೇ ಕೆಡಿಸಬಹುದು.

ಇಲಿ ಕಡಿದ ಕೇಬಲ್‌ನಿಂದ ನೀರು ಇಳಿದಿತ್ತು. ಇಂಥದ್ದನ್ನು ಒಣಗಿಸಿದರೆ ನಾಲ್ಕು ದಿನ ಸರಿ, ಮತ್ತೆ ಅದೇ ಕಥೆ. ಸೆಲ್ಲನ್ನೇ ಬದಲಿಸಿದೆ. ಹೊಸದರ ಕೇಬಲ್ ಉದ್ದವಾಯಿತೆಂದು ಕತ್ತರಿಸಬೇಡಿ: ನಾಲ್ಕು ತಂತಿಯ ಸೆಲ್ಲನ್ನು ಕೇಬಲ್ಲಿನ ರೋಧವನ್ನೂ ಸೇರಿಸಿಯೇ ಕಾರ್ಖಾನೆಯಲ್ಲಿ ಹೊಂದಿಸಿರುತ್ತಾರೆ. ಸುತ್ತಿ ಕಟ್ಟಿಡಿ. ಸೆಲ್ ಕೂತ ಮೇಲೆ ಫ್ರೇಮಿಗೆ ವೆಲ್ಡಿಂಗ್ ಮಾಡುವುದಂತೂ ಬೇಡವೇ ಬೇಡ.

ನಾಲ್ಕೂ ಮೂಲೆ ಒಂದೇ ತೂಕ ತೋರಿಸುವಂತೆ ಹೊಂದಿಸಲು 20 ಕೆ.ಜಿ.ಯ ಐದು ಬಟ್ಟುಗಳನ್ನು ಪ್ರತಿ ಮೂಲೆಗೂ ಇಟ್ಟೆ: 100.0, 99.8, 100.1, ಹೊಸ ಸೆಲ್ ಮೇಲೆ 100.6. ಈ ಬಾಕ್ಸಿನ ಟ್ರಿಮ್ ಪಾಟ್ (ಪ್ರತಿ ಸೆಲ್ಲಿಗೂ ಇರುವ ಪುಟ್ಟ ತಿರುಗುಗುಂಡಿ) ಸಿಗ್ನಲ್ ಇಳಿಸಬಲ್ಲದೇ ಹೊರತು ಏರಿಸಲಾರದು. ಹಾಗಾಗಿ 99.8ನ್ನು ಮುಟ್ಟದೆ ಉಳಿದ ಮೂರನ್ನು ಅದಕ್ಕೆ ಇಳಿಸಿದೆ. ಒಂದು ತಿರುಗಿಸಿದರೆ ಇನ್ನೊಂದು ಸ್ವಲ್ಪ ಜಾರುತ್ತದೆ, ಮೂರು ಸುತ್ತು ಬೇಕಾಯಿತು. ಆಮೇಲಷ್ಟೇ ಕ್ಯಾಲಿಬ್ರೇಷನ್: ಖಾಲಿ ಯಂತ್ರದ ಸೊನ್ನೆ, ಬಟ್ಟು ಇಟ್ಟು ಸ್ಪ್ಯಾನ್.

ಬಾಕ್ಸಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಕೇಬಲ್ ಒಳಹೋಗುವ ಮುಂಚೆ ಒಮ್ಮೆ ಕೆಳಕ್ಕೆ ಬಾಗಿಸಿದೆ. ನೀರು ಅಲ್ಲೇ ತೊಟ್ಟಿಕ್ಕಲಿ ಎಂದು. ಸೀಲ್ ಒಡೆದದ್ದರಿಂದ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳುವ ತನಕ ಆ ಯಂತ್ರದಲ್ಲಿ ವ್ಯಾಪಾರದ ತೂಕ ಹಾಕುವಂತಿಲ್ಲ.