ಟಾಸ್ ಹಾಕುವ ಡಬ್ಬಿ ಮತ್ತು ಕೊನೆಯ ಬಿಟ್

ಕೇರಂ ಆಡುವಾಗ ಯಾರು ಮೊದಲು ಬ್ರೇಕ್ ಮಾಡಬೇಕು ಅಂತ ನಮ್ಮ ಮಕ್ಕಳಿಗೆ ದಿನಾ ಜಗಳ. ಒಂದು ಚಿಕ್ಕ ಮೈಕ್ರೋಕಂಟ್ರೋಲರ್ ಬೋರ್ಡು (ಪುಟಾಣಿ ಕಂಪ್ಯೂಟರ್ ಅನ್ನಿ), ಒಂದು ಬಟನ್, ಎರಡು ಎಲ್‌ಇಡಿ ಸೇರಿಸಿ ಟಾಸ್ ಹಾಕುವ ಡಬ್ಬಿ ಮಾಡಿಕೊಟ್ಟೆ. ಪ್ರೋಗ್ರಾಮಿನ ಉತ್ತರ ಟ್ರೂ (ಹೌದು) ಆದರೆ ಹಸಿರು, ಫಾಲ್ಸ್ (ಅಲ್ಲ) ಆದರೆ ಕೆಂಪು.

ಬೋರ್ಡಿನಲ್ಲಿ ಜಾಗ ಕಡಿಮೆ. ಹಾಗಾಗಿ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಬಿಟ್ಟು ಯದ್ವಾತದ್ವಾ (ರ‍್ಯಾಂಡಮ್) ಸಂಖ್ಯೆ ಹುಟ್ಟಿಸುವ ಸೂತ್ರ ನಾನೇ ಬರೆದೆ. ಹಿಂದಿನ ಸಂಖ್ಯೆಯನ್ನು 1103515245ರಿಂದ ಗುಣಿಸಿ, 12345 ಕೂಡಿಸಿ, ಕೆಳಗಿನ 32 ಬಿಟ್ (ಕಂಪ್ಯೂಟರ್ ಸಂಖ್ಯೆ ಬರೆಯುವ 0 ಅಥವಾ 1ರ ಅಂಕಿ) ಮಾತ್ರ ಇಟ್ಟುಕೊಳ್ಳುವುದು. ಸಿ ಪ್ರೋಗ್ರಾಮಿಂಗ್ ಭಾಷೆಯವರಿಗೆ ಇದು ಹಳೇ ಪರಿಚಯ. ಬಂದ ಸಂಖ್ಯೆ ಬೆಸವಾದರೆ ಟ್ರೂ. 1000 ಸಲ ಓಡಿಸಿ ಎಣಿಸಿದೆ. ಸರಿಯಾಗಿ 500 ಟ್ರೂ, 500 ಫಾಲ್ಸ್. ತುಂಬಾ ಖುಷಿಯಾಯಿತು.

ಎರಡೇ ದಿನ. "ಅಪ್ಪಾ, ಈಗ ಹಸಿರು ಬಂತಲ್ವಾ? ಮುಂದಿಂದು ಕೆಂಪು, ನೋಡ್ತಿರು" ಅಂದಳು ಮಗಳು. ಒತ್ತಿದೆ. ಕೆಂಪು. ಮತ್ತೆ ಹಸಿರು. ಮತ್ತೆ ಕೆಂಪು.

ಪೆನ್ನು ಹಿಡಿದು ಕೂತಾಗ ಗೊತ್ತಾಯಿತು. ಗುಣಿಸುವ ಸಂಖ್ಯೆ ಬೆಸ, ಕೂಡಿಸುವುದೂ ಬೆಸ. ಸಮಸಂಖ್ಯೆಯನ್ನು ಬೆಸದಿಂದ ಗುಣಿಸಿದರೆ ಸಮ, ಅದಕ್ಕೆ ಬೆಸ ಕೂಡಿಸಿದರೆ ಬೆಸ. ಬೆಸವನ್ನು ಬೆಸದಿಂದ ಗುಣಿಸಿದರೆ ಬೆಸ, ಇನ್ನೊಂದು ಬೆಸ ಕೂಡಿಸಿದರೆ ಸಮ. ಕೊನೆಯ ಬಿಟ್ ಸುಮ್ನೆ ಅತ್ತಿತ್ತ ತೂಗುತ್ತಿತ್ತು. ಅದರ ಪಕ್ಕದ ಬಿಟ್ 4 ಸಂಖ್ಯೆಗೊಮ್ಮೆ ಅದೇ ಸುತ್ತು ಹಾಕುತ್ತದೆ, ಅದರಾಚೆಯದು 8ಕ್ಕೊಮ್ಮೆ. ಮೇಲೆ ಹೋದಷ್ಟೂ ಸುತ್ತು ಉದ್ದ.

ಸಂಖ್ಯೆಯನ್ನು 31 ಬಿಟ್ ಬಲಕ್ಕೆ ಸರಿಸಿ, ಎಲ್ಲಕ್ಕಿಂತ ಮೇಲಿನ ಬಿಟ್ ತಗೊಂಡೆ. ಒಂದೇ ಸಾಲಿನ ಬದಲಾವಣೆ. ಜಾವಾ ಭಾಷೆಯಲ್ಲಿ ಹೀಗೇ ಟ್ರೂ ಅಥವಾ ಫಾಲ್ಸ್ ಕೊಡುವ ನೆಕ್ಸ್ಟ್‌ಬೂಲಿಯನ್ ಕೂಡ ಮೇಲಿನ ಬಿಟ್ಟನ್ನೇ ತಗೊಳ್ಳುತ್ತದೆ. ಪ್ರತಿ ಸಲ ಆನ್ ಮಾಡಿದಾಗಲೂ ಅದೇ ಸಾಲು ಬರಬಾರದಲ್ವಾ? ಅದಕ್ಕೆ ಮೊದಲ ಸಲ ಬಟನ್ ಒತ್ತಿದ ಮೈಕ್ರೋಸೆಕೆಂಡನ್ನೇ ಆರಂಭದ ಸಂಖ್ಯೆ ಮಾಡಿದೆ. ಆಟಕ್ಕೆ ಇಷ್ಟು ಸಾಕು. ಪಾಸ್‌ವರ್ಡ್, ದುಡ್ಡಿನ ವಿಷಯಕ್ಕೆ ಖಂಡಿತಾ ಸಾಲದು. ಪೈಥಾನ್ ಭಾಷೆಯಲ್ಲಾದರೆ ಊಹಿಸಲಾಗದ ಸಂಖ್ಯೆ ಕೊಡುವ ಸೀಕ್ರೆಟ್ಸ್ ಮಾಡ್ಯೂಲ್ ಬಳಸಿ.

ನನ್ನ ಪರೀಕ್ಷೆಯೂ ತಪ್ಪಾಗಿತ್ತು. ನಿಜವಾದ ನಾಣ್ಯವನ್ನು 1000 ಸಲ ಚಿಮ್ಮಿದರೆ ಕರಾರುವಾಕ್ಕಾಗಿ 500 ಬರುವ ಸಾಧ್ಯತೆ ನೂರಕ್ಕೆ ಎರಡೂವರೆ ಮಾತ್ರ. ಹದಿನೈದು ಹದಿನಾರು ಆಚೀಚೆ ಆಗುವುದು ಮಾಮೂಲು. ಈಗ ನಾನು ಮೊತ್ತದ ಜೊತೆ ಒಂದೇ ಉತ್ತರ ಸತತವಾಗಿ ಎಷ್ಟು ಸಲ ಬಂತು ಅಂತಲೂ ಎಣಿಸುತ್ತೇನೆ. 1000ದಲ್ಲಿ ಒಂಬತ್ತು ಹತ್ತರ ಸಾಲು ಕಾಣುವುದು ಸಹಜ. ಹಳೇ ಪ್ರೋಗ್ರಾಮಿನಲ್ಲಿ ಸತತ ಎರಡೂ ಇರಲಿಲ್ಲ!

ಮೊನ್ನೆ ಆರು ಸಲ ಒಂದೇ ಸಮನೆ ಹಸಿರು ಬಂತು. ಡಬ್ಬಿ ಕೆಟ್ಟಿದೆ ಅಂತ ಮಗ ತಂದಿಟ್ಟ. ಇಬ್ಬರೂ ಕೂತು ಒಂದು ರೂಪಾಯಿ ನಾಣ್ಯವನ್ನು ನೂರು ಸಲ ಚಿಮ್ಮಿ ಬರೆದುಕೊಂಡೆವು. ಅದರಲ್ಲೂ ಒಂದು ಕಡೆ ಸತತ ಆರು ಟೇಲ್ಸ್ ಇತ್ತು. ಡಬ್ಬಿ ತಗೊಂಡು ಆಡೋಕೆ ಹೋದ.