ಮಾಮೂಲಿ ಕೆಮ್ಮಿನಲ್ಲಿ ನಾನು ಏನು ಹುಡುಕುತ್ತೇನೆ

ತಾಲ್ಲೂಕು ಆಸ್ಪತ್ರೆಯಲ್ಲಿ ಕೆಮ್ಮು ಅಂತ ಬರುವವರೇ ಜಾಸ್ತಿ. ಎಲ್ಲರನ್ನೂ ಸಿಟಿ ಸ್ಕ್ಯಾನ್‌ಗೆ ಕಳಿಸಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಶ್ವಾಸಕೋಶದ ಕ್ಯಾನ್ಸರಿನ ಸುಳಿವು ಹಿಡಿಯಲು ನನ್ನದೇ ಒಂದು ರೂಢಿ ಮಾಡಿಕೊಂಡಿದ್ದೇನೆ.

ವರ್ಷಗಟ್ಟಲೆ ಬೀಡಿ ಸೇದಿದವರು "ಅದು ಬೀಡಿ ಕೆಮ್ಮು ಬಿಡಿ ಸಾರ್, ಯಾವಾಗ್ಲೂ ಇರೋದೇ" ಅಂದುಬಿಡುತ್ತಾರೆ. ನಾನು ಕೇಳುವುದು ಬೇರೆ: "ಯಜಮಾನ್ರೇ, ಈಚೆಗೆ ಕೆಮ್ಮಿನ ರೀತಿ ಬದಲಾಗಿದೆಯಾ?" ಎಷ್ಟೋ ಸಲ ಉತ್ತರ ಬರುವುದು ಜೊತೆಗೆ ಬಂದ ಹೆಂಡತಿಯಿಂದ. "ಮೊದಲು ಬೆಳಗ್ಗೆ ಮಾತ್ರ ಇತ್ತು, ಈಗ ರಾತ್ರಿಯೆಲ್ಲಾ ಕೆಮ್ತಾರೆ." ಕಫದಲ್ಲಿ ಒಂದೇ ಸಲ ರಕ್ತದ ಎಳೆ ಕಂಡಿದ್ದರೂ ಅವತ್ತೇ ಎಕ್ಸ್‌ರೇ ಮಾಡಿಸುತ್ತೇನೆ. ಮೂರು ವಾರ ದಾಟಿದ ಕೆಮ್ಮಿಗೂ ಅಷ್ಟೇ.

ಆಮೇಲೆ ಕೈ ನೋಡುತ್ತೇನೆ. ಎರಡೂ ತೋರುಬೆರಳುಗಳ ಉಗುರನ್ನು ಎದುರುಬದುರು ಜೋಡಿಸಿದರೆ ಬುಡದಲ್ಲಿ ವಜ್ರಾಕಾರದ ಸಣ್ಣ ಕಿಂಡಿ ಕಾಣಬೇಕು. ಕಿಂಡಿ ಮುಚ್ಚಿದ್ದರೆ ಬೆರಳ ತುದಿ ಉಬ್ಬಿದೆ ಎಂದರ್ಥ. ದಕ್ಷಿಣ ಆಫ್ರಿಕಾದ ಹೃದಯತಜ್ಞ ಶಾಮ್ರಾತ್ ತಮಗೇ ಕಾಯಿಲೆ ಬಂದಾಗ ಇದನ್ನು ಗಮನಿಸಿ 1976ರಲ್ಲಿ ಬರೆದರು. ಹೃದಯ, ಲಿವರ್ ತೊಂದರೆಗಳಲ್ಲೂ ಬೆರಳು ಹೀಗಾಗುತ್ತದೆ. ಆದರೆ ಕೆಮ್ಮಿನ ಜೊತೆ ಕಂಡರೆ ನಾನು ಸುಮ್ನೆ ಬಿಡುವುದಿಲ್ಲ.

ಧ್ವನಿಯನ್ನೂ ಕೇಳಿಸಿಕೊಳ್ಳುತ್ತೇನೆ. ಗಂಟಲಿಗೆ ಹೋಗುವ ಎಡಗಡೆಯ ನರ ಎದೆಯೊಳಗೆ ಇಳಿದು ಮತ್ತೆ ಮೇಲೆ ಬರುತ್ತದೆ. ಗಡ್ಡೆ ಅದನ್ನು ಹಿಡಿದರೆ ಸ್ವರ ಒಡೆದು ವಾರಗಟ್ಟಲೆ ಸರಿಹೋಗುವುದಿಲ್ಲ. ಶ್ವಾಸಕೋಶದ ಮೇಲ್ತುದಿಯ ಗಡ್ಡೆಯಾದರೆ ಭುಜದಿಂದ ಕಿರುಬೆರಳಿನವರೆಗೆ ನೋವು. ಇಂಥವರು ಮೂಳೆ ಡಾಕ್ಟರ ಹತ್ತಿರ ಓಡಾಡಿ ಸುಸ್ತಾಗಿರುತ್ತಾರೆ. ಅದೇ ಬದಿಯ ಕಣ್ಣುರೆಪ್ಪೆ ಜೋತಿದೆಯಾ ಅಂತ ಕೂಡಲೇ ನೋಡುತ್ತೇನೆ. ಮುಖ ಊದಿಕೊಂಡು ಕತ್ತಿನ ರಕ್ತನಾಳ ಉಬ್ಬಿದ್ದರೆ ತುರ್ತಾಗಿ ದೊಡ್ಡಾಸ್ಪತ್ರೆಗೆ ಕಳಿಸಬೇಕು.

ನಮ್ಮಲ್ಲಿ ಹೆಚ್ಚು ಕಾಲ ಹಾಳಾಗುವುದು ಟಿಬಿ ಎಂಬ ಅನುಮಾನದಲ್ಲಿ. ಎರಡಕ್ಕೂ ಕೆಮ್ಮು, ರಕ್ತ, ತೂಕ ಇಳಿಯುವುದು ಇದ್ದೇ ಇದೆ. ಟಿಬಿ ಜಾಸ್ತಿ ಇರುವ ಕಡೆ ಮೊದಲು ಕಫ ಪರೀಕ್ಷೆ ಮಾಡುವುದು ಸರಿಯೇ. ಆದರೆ ಕಫದಲ್ಲಿ ಏನೂ ಸಿಗದೆ, ಬರೀ ಎಕ್ಸ್‌ರೇಯ ಮಚ್ಚೆ ನೋಡಿ ಮಾತ್ರೆ ಶುರು ಮಾಡಿದವರನ್ನು ಎರಡು ತಿಂಗಳೊಳಗೆ ತಪ್ಪದೆ ಮತ್ತೆ ಕರೆಸುತ್ತೇನೆ. ಹಸಿವು ಮರಳಬೇಕು, ತೂಕ ಏರಬೇಕು, ಮಚ್ಚೆ ಕರಗತೊಡಗಿರಬೇಕು. ಇಲ್ಲದಿದ್ದರೆ ಆರು ತಿಂಗಳ ಕೋರ್ಸ್ ಮುಗಿಯಲಿ ಅಂತ ಕಾಯುವುದಿಲ್ಲ, ಸಿಟಿ ಸ್ಕ್ಯಾನ್‌ಗೆ ಬರೆಯುತ್ತೇನೆ. ಎಕ್ಸ್‌ರೇ ಸರಿಯಿದ್ದು ತೊಂದರೆ ಉಳಿದಿದ್ದರೂ ಹಾಗೇ. ಹೃದಯದ ಹಿಂದೆ ಅಡಗಿದ ಗಡ್ಡೆ ಎಕ್ಸ್‌ರೇಯಲ್ಲಿ ತಪ್ಪಿಹೋಗಬಹುದು.

ಬೀಡಿ ಮುಟ್ಟದ ಹೆಂಗಸರನ್ನೂ ನಾನು ಹೀಗೇ ನೋಡುತ್ತೇನೆ. ಸೌದೆ ಒಲೆಯ ಹೊಗೆ ಕುಡಿದವರು, ಗಂಡನ ಬೀಡಿ ಹೊಗೆಯಲ್ಲಿ ಬದುಕಿದವರು ಇರುತ್ತಾರೆ. ಎರಡೂ ಇಲ್ಲದವರಿಗೂ ಈ ಕ್ಯಾನ್ಸರ್ ಬರುತ್ತದೆ.

ಅನುಮಾನ ಗಟ್ಟಿಯಾದರೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಪತ್ರ ಕೊಡುತ್ತೇನೆ. ಬಯಾಪ್ಸಿ, ಅಂದರೆ ಗಡ್ಡೆಯ ಚೂರು ತೆಗೆದು ಪರೀಕ್ಷಿಸುವುದು, ಅಲ್ಲೇ ಆಗಬೇಕು. ಹೊರಡುವವರಿಗೆ ಒಂದು ಮಾತು ಹೇಳುತ್ತೇನೆ: ಎಷ್ಟೇ ಹಳೆಯದಿರಲಿ, ಮನೆಯಲ್ಲಿರುವ ಎಕ್ಸ್‌ರೇ ಫಿಲ್ಮ್‌ಗಳನ್ನೆಲ್ಲಾ ತಗೊಂಡು ಹೋಗಿ. ಮಚ್ಚೆ ಹಳೆಯದೋ ಹೊಸದೋ ಅನ್ನುವುದು ಅದರಿಂದಲೇ ಗೊತ್ತಾಗುತ್ತದೆ.